ಟೋಪಿ ಮುಟ್ಟಿದ ಕೈ

ಸಾಫ್ಟ್‌ಬಾಲಿನಲ್ಲಿ ಕದಿಯುವುದು ತಪ್ಪಲ್ಲ, ಸಿಕ್ಕಿಬೀಳುವುದು ತಪ್ಪು. ಪಿಚರ್ ಕೈಯಿಂದ ಬಾಲು ಬಿಟ್ಟ ಗಳಿಗೆಯಲ್ಲೇ ಮೊದಲನೇ ಬೇಸಿನ ಮೇಲಿರುವ ಹುಡುಗಿ ಎರಡನೇ ಬೇಸಿಗೆ ಓಟ ಕೀಳಬಹುದು. ಬ್ಯಾಟಿಗೆ ಬಾಲು ತಗಲಬೇಕು ಅಂತ ಕಾಯಬೇಕಾಗಿಲ್ಲ. ಅರವತ್ತು ಅಡಿ ದೂರ, ಚುರುಕಾದವಳಿಗೆ ಮೂರು ಸೆಕೆಂಡು. ಅಷ್ಟರೊಳಗೆ ಬ್ಯಾಟು ಹಿಡಿದವಳ ಹಿಂದೆ ಕುಕ್ಕರಗಾಲಲ್ಲಿ ಕೂತ ಕ್ಯಾಚರ್ ಬಾಲು ಹಿಡಿದು, ಎದ್ದು, ಪಿಚರ್ ತಲೆಯ ಮೇಲಿಂದ ಎರಡನೇ ಬೇಸಿಗೆ ಎಸೆಯಬೇಕು. ಅಲ್ಲಿ ಇನ್ನೊಬ್ಬಳು ಅದನ್ನು ಹಿಡಿದು, ಓಡಿಬಂದವಳ ಕಾಲಿಗೆ ಮುಟ್ಟಿಸಬೇಕು. ಹದಿಮೂರು ಹದಿನಾಲ್ಕರ ಹುಡುಗಿಯರಿಗೆ ಇದನ್ನು ಕಲಿಸುವುದು ತಮಾಷೆಯ ಮಾತಲ್ಲ. ವಾದಿರಾಜ ಹತ್ತು ವರ್ಷ ಕಲಿಸಿದ, ಚೆನ್ನಾಗಿಯೇ ಕಲಿಸಿದ. ಅವನನ್ನು ಬೈಯುವ ಮೊದಲು ಇಷ್ಟು ಹೇಳದೇ ಹೋದರೆ ಅನ್ಯಾಯವಾಗುತ್ತದೆ.

ವಿಮಾನಪುರದ ದೊಡ್ಡ ಕಾರ್ಖಾನೆಯಲ್ಲಿ ಅವನು ಇನ್‌ಸ್ಪೆಕ್ಟರ್. ಮಿಷಿನ್ನಿನಿಂದ ಇಳಿದ ಬಿಡಿಭಾಗವನ್ನು ಅಳೆದು, ತಿರುಗಿಸಿ ನೋಡಿ, ಸರಿಯಿದ್ದರೆ ಜೊತೆಗಿದ್ದ ಕಾಗದಕ್ಕೆ ತನ್ನ ನಂಬರಿನ ಸ್ಟಾಂಪು ಒತ್ತುವುದು ಅವನ ಕೆಲಸ. ಒಬ್ಬೊಬ್ಬ ಇನ್‌ಸ್ಪೆಕ್ಟರನಿಗೆ ಒಂದೊಂದು ನಂಬರು. ಆ ಭಾಗ ಎಷ್ಟೋ ವರ್ಷದ ಮೇಲೆ ಎಲ್ಲೋ ಕೈಕೊಟ್ಟರೂ ಶಾಪಿನಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ, "ಯಾರ ಸ್ಟಾಂಪು?" ಅವನ ಸ್ಟಾಂಪಿನ ಮೇಲೆ ಒಂದು ದೂರೂ ಬಂದಿರಲಿಲ್ಲ. ಆ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ, ಇರಬೇಕಾದ್ದೇ.

ಮೊದಲ ಪಾಳಿ ಮುಗಿಸಿ, ಮನೆಗೆ ಹೋಗಿ ಸೀತಾಲಕ್ಷ್ಮಿ ಕೊಟ್ಟ ಕಾಫಿ ಕುಡಿದು, ನಾಲ್ಕೂವರೆಗೆ ಅವನು ಕಾಲೋನಿ ಮೈದಾನದಲ್ಲಿರುತ್ತಿದ್ದ. ರನ್‌ವೇ ಅಲ್ಲೇ ಪಕ್ಕದಲ್ಲಿ. ವಿಮಾನ ಮೇಲೇಳುವಾಗ ಕೂಗಿ ಹೇಳಿದರೂ ಪಕ್ಕದವರಿಗೆ ಕೇಳಿಸದು. ಅದಕ್ಕೇ ಅವನ ಟೀಮಿನಲ್ಲಿ ಎಲ್ಲವೂ ಕೈಸನ್ನೆ. ಕೈ ಟೋಪಿಗೆ ಹೋದರೆ ಎರಡನೇ ಬೇಸಿನವರೆಗೆ ಪೂರ್ತಿ ಎಸೆ. ಬೆಲ್ಟಿಗೆ ಹೋದರೆ ಅರ್ಧಕ್ಕೇ, ಎರಡನೇ ಮೂರನೇ ಬೇಸುಗಳ ನಡುವಿನಿಂದ ಮುಂದೆ ಓಡಿಬಂದ ಶಾರ್ಟ್‌ಸ್ಟಾಪ್ ಹುಡುಗಿಗೆ ಕೊಡು. ಕೈಕಟ್ಟಿ ನಿಂತರೆ ಎಸೆಯಲೇಬೇಡ, ಬಾಲು ಇಟ್ಟುಕೊ. ಒಂದೊಂದು ಎಸೆತಕ್ಕೆ ಮೊದಲು ಕ್ಯಾಚರ್ ಒಬ್ಬಳೇ ಅವನತ್ತ ನೋಡಬೇಕು. ಮಿಕ್ಕವರು ಕ್ಯಾಚರನ್ನು ನೋಡಿ ತಿಳಿದುಕೊಳ್ಳಬೇಕು.

ಕಾರ್ಖಾನೆಯಿಂದ ಅವನು ತಂದ ಇನ್ನೊಂದು ಪದ್ಧತಿಯಿತ್ತು. ಆಟ ಕೆಟ್ಟಾಗಲೆಲ್ಲ ಅವನು "ಯಾರ ಸ್ಟಾಂಪು?" ಅಂತ ಕೂಗುತ್ತಿದ್ದ. ತಪ್ಪು ಮಾಡಿದವಳು ಕೈ ಎತ್ತಬೇಕು. ಅವನು ತಲೆಯಾಡಿಸುವವರೆಗೆ ಎತ್ತಿಕೊಂಡೇ ಇರಬೇಕು. ಅಲ್ಲಿಗೆ ಮುಗಿಯಿತು, ಬೈಗುಳವಿಲ್ಲ, ವಿಚಾರಣೆಯಿಲ್ಲ. ಆದರೆ ಒಮ್ಮೆ ಎತ್ತಿದ ಕೈಯನ್ನು ಆಮೇಲೆ ನಾನಲ್ಲ ಅಂತ ಇಳಿಸುವಂತಿಲ್ಲ. ಬೇರೆ ಟೀಮಿನ ಹುಡುಗಿಯರು ಸೋತಾಗ ಒಬ್ಬರನ್ನೊಬ್ಬರು ದೂರುತ್ತ ಜಡೆ ಎಳೆದಾಡುವ ಹೊತ್ತಿಗೆ ಇವನ ಹುಡುಗಿಯರು ಕೈ ಎತ್ತಿ ಮುಗಿಸಿ ನೀರು ಕುಡಿಯುತ್ತಿದ್ದರು. ಅದರ ಬಗ್ಗೆ ಅವರಿಗೂ ಹೆಮ್ಮೆ. ಸನ್ನೆ ಮಾಡುವವನೂ ತಪ್ಪು ಮಾಡಬಹುದು, ಅವನಿಗೂ ಒಂದು ಕೈಯಿದೆ ಅನ್ನುವುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ವಾದಿರಾಜನಿಗಂತೂ ಹೊಳೆಯಲೇ ಇಲ್ಲ.

ಉಮ್ಮೆ ಕುಲ್ಸುಂ ಆ ಮೈದಾನಕ್ಕೆ ಬಂದದ್ದು ತೊಂಬತ್ತಾರರ ಜೂನಿನಲ್ಲಿ. ಹದಿಮೂರು ವರ್ಷ, ಉದ್ದ ತೋಳಿನ ಅಂಗಿ, ತಲೆಗೆ ಬಿಗಿಯಾಗಿ ಕಟ್ಟಿದ ಸ್ಕಾರ್ಫು, ಅದರ ಮೇಲೆ ಕ್ರಿಕೆಟ್ ಟೋಪಿ. ಹಲಸೂರಿನ ಒಂದು ಶಾಲೆಯ ಆಟದ ದಿನ ಅವಳು ಬಾಲು ಎಸೆದದ್ದನ್ನು ಕಂಡು ವಾದಿರಾಜನೇ ಕರೆದಿದ್ದ. ಅವಳ ತಂದೆ ಚಾಂದ್ ಪಾಷಾ ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಬಟನ್ನು, ಜಿಪ್ಪು, ಲೇಸು ಮಾರುವವರು. ಮಗಳನ್ನು ಬಜಾಜ್ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇಂದಿರಾನಗರ ದಾಟಿಸಿ ಕರೆತಂದವರು ಮೊದಲ ದಿನವೇ ವಾದಿರಾಜನನ್ನು ಪಕ್ಕಕ್ಕೆ ಕರೆದು ಮಾತಾಡಿದರು.

"ಮೇಷ್ಟ್ರೇ, ಈ ಆಟ ನನಗೆ ಗೊತ್ತಿಲ್ಲ. ಸಾಯಂಕಾಲ ನಮ್ಗೆ ಗಿರಾಕಿ ಟೈಮು. ಟೈಲರ್‌ಗಳೆಲ್ಲ ಆವಾಗ್ಲೇ ಬರೋದು. ಶಟರ್ ಎಳೆದು ಇವ್ಳನ್ನ ಕರ್ಕೊಂಡ್ ಬರ್ತೀನಿ. ಹುಡ್ಗೀಲಿ ನಿಜವಾಗ್ಲೂ ಆಟ ಇದೆ ಅಂದ್ರೆ ಎಷ್ಟ್ ವರ್ಷ ಬೇಕಾದ್ರೂ ಎಳೀತೀನಿ. ಇಲ್ಲಾಂದ್ರೆ ನೀವೇ ಹೇಳ್ಬಿಡಿ. ಬೇರೆಯವ್ರನ್ನ ನಾನು ಕೇಳಲ್ಲ, ನಿಮ್ಮ ಮಾತು ಸಾಕು."

"ಹೇಳ್ತೀನಿ ಬಿಡಿ ಸಾಹೇಬ್ರೇ," ಅಂದ ವಾದಿರಾಜ.

ಹುಡುಗಿಯಲ್ಲಿ ಆಟ ಇತ್ತು. ಎಷ್ಟಿತ್ತೆಂದರೆ ಕಲಿಸುವವನಿಗೇ ಭಯವಾಗುವಷ್ಟು. ಮಿಕ್ಕ ಹುಡುಗಿಯರು ಬಾಲು ಹಿಡಿದು, ನೆಟ್ಟಗೆ ಎದ್ದು ನಿಂತು, ಉಸಿರೆಳೆದು ಎಸೆಯುವಷ್ಟರಲ್ಲಿ ಕಳ್ಳಿ ಎರಡನೇ ಬೇಸಿನಲ್ಲಿ ನಿಂತು ಬಟ್ಟೆ ಧೂಳು ಕೊಡವಿಕೊಳ್ಳುತ್ತಿದ್ದಳು. "ಎದ್ದು ನಿಲ್ಲೋಕೆ ಇದೇನು ರಾಷ್ಟ್ರಗೀತೇನಾ?" ಅಂತ ವಾದಿರಾಜ ರೇಗಿಸುತ್ತಿದ್ದ. ಕುಲ್ಸುಂಗೆ ಹಾಗೆ ಹೇಳಬೇಕಾಗಿ ಬಂದದ್ದು ಒಂದೇ ವಾರ. ಬಾಲು ಗ್ಲೌಸಿಗೆ ಬರುವಾಗಲೇ ಅವಳ ಎಡಗಾಲು ಮುಂದಿರುತ್ತಿತ್ತು, ಕೈ ಕಿವಿಯ ಹಿಂದೆ ಹೋಗಿರುತ್ತಿತ್ತು. ವಾದಿರಾಜ ಎರಡನೇ ಬೇಸಿನ ಮೇಲೆ ತನ್ನ ಹವಾಯಿ ಚಪ್ಪಲಿಯನ್ನು ನಿಲ್ಲಿಸಿ ಅದನ್ನು ಬೀಳಿಸಲು ಹೇಳಿದ. ಮೊದಲ ತಿಂಗಳು ಹತ್ತಕ್ಕೆ ಎರಡು, ದಸರಾ ಹೊತ್ತಿಗೆ ಹತ್ತಕ್ಕೆ ಏಳು. ಶಾರ್ಟ್‌ಸ್ಟಾಪಿನಲ್ಲಿ ಆಡುತ್ತಿದ್ದ ತನ್ಮಯಿ, ಕಾಲೋನಿಯ ಹುಡುಗಿ, ಅವಳ ಎಸೆತ ಹಿಡಿದು ಹಿಡಿದು ಅಂಗೈ ಊದಿಸಿಕೊಂಡು ಮನೆಯಲ್ಲಿ ಬೈಸಿಕೊಂಡಳು.

ಎಲ್ಲಕ್ಕಿಂತ ಕಷ್ಟದ ಪಾಠವೊಂದಿತ್ತು. ಎದುರಾಳಿಗಳು ಮೊದಲನೇ ಬೇಸಿನಲ್ಲೊಬ್ಬಳು, ಮೂರನೇ ಬೇಸಿನಲ್ಲೊಬ್ಬಳು ಇದ್ದಾಗ ಏನು ಮಾಡಬೇಕು ಅನ್ನುವುದು. ಅದನ್ನು ಅವನು ಎರಡು ತಿಂಗಳು ಕಲಿಸಿದ.

"ಮೊದಲನೇ ಬೇಸಿನವಳು ಓಡೋದು ಕದಿಯೋಕಲ್ಲ ಕಣಮ್ಮ, ನಿನಗೆ ಆಸೆ ತೋರ್ಸೋಕೆ," ಅಂತ ವಿವರಿಸಿದ. "ನೀನು ಅವಳನ್ನ ಹಿಡೀತೀನಿ ಅಂತ ಎರಡನೇ ಬೇಸಿಗೆ ಎಸೆದ್ಯೋ, ಆ ಕಡೆ ಮೂರನೇ ಬೇಸಿನವಳು ನಿನ್ನ ಮುಂದಿರೋ ಹೋಮಿಗೆ ಬಂದು ರನ್ನು ತಗೊಂಡ್ಬಿಡ್ತಾಳೆ. ಹಾಗಾದ್ರೆ ಏನ್ ಮಾಡ್ಬೇಕು?"

"ಆಸೆ ಪಡ್ಬಾರ್ದು ಸರ್," ಅಂದಳು ಕುಲ್ಸುಂ.

ಅವನು ನಕ್ಕ. "ಕರೆಕ್ಟು. ಬೆಲ್ಟು, ಇಲ್ಲಾಂದ್ರೆ ಕೈಕಟ್ಟು. ಟೋಪಿ ಅಂತೂ ಬರೋದೇ ಇಲ್ಲ."

"ಸರ್, ಆವಾಗ ನನ್ ಕಣ್ಣಿಗೇ ಬೇರೆ ಥರ ಕಾಣಿಸಿದ್ರೆ?"

"ನೀನು ನೋಡ್ಬೇಕಾಗಿರೋದು ನನ್ನ ಕೈ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

ಅವಳು ಅದನ್ನು ಹಾಗೆಯೇ ನಂಬಿದಳು. ನಂಬಬೇಕು ಅಂತಲೇ ಅವನು ಹೇಳಿದ್ದು.

ತೊಂಬತ್ತೇಳರ ಡಿಸೆಂಬರಿನಲ್ಲಿ ಹಲಸೂರಿನ ಮೈದಾನದಲ್ಲಿ ಕ್ಲಬ್ಬುಗಳ ಫೈನಲ್. ಗೆದ್ದ ಟೀಮಿಗೆ ಕಪ್ಪು ಸಿಗುವುದಿತ್ತು, ಆದರೆ ಕಪ್ಪಿಗಾಗಿ ಯಾರೂ ಅಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಅಂದು ರಾಜ್ಯ ಶಿಬಿರಕ್ಕೆ ಹುಡುಗಿಯರನ್ನು ಆರಿಸಲು ಯಜ್ಞನಾರಾಯಣ ಬರುವವರಿದ್ದರು. ವಿಮಾ ಆಫೀಸಿನಲ್ಲಿ ದೊಡ್ಡ ಹುದ್ದೆ, ಸಾಫ್ಟ್‌ಬಾಲ್ ಸಂಘದ ಕಾರ್ಯದರ್ಶಿ, ಮೊಣಕಾಲ ಮೇಲೊಂದು ಪ್ಯಾಡು ಇಟ್ಟುಕೊಂಡು ಹೆಸರಿನ ಮುಂದೆ ಗುರುತು ಹಾಕುವ ಮನುಷ್ಯ. ಹಿಂದಿನ ವಾರ ಅವರೇ ವಾದಿರಾಜನಿಗೆ ಫೋನು ಮಾಡಿದ್ದರು. "ನಿಮ್ಮ ಕ್ಯಾಚರ್ ಎಸೆಯೋದನ್ನ ನೋಡ್ಬೇಕು ಅಂತಾನೇ ಬರ್ತಿದೀನಿ ರೀ. ಎಲ್ಲರ ಬಾಯಲ್ಲೂ ಅದೇ. ಸ್ಟೇಟ್ ಟೀಮಿಗೆ ಅಸಿಸ್ಟೆಂಟ್ ಕೋಚ್ ಒಬ್ರು ಬೇಕು, ನಿಮ್ಮ ಹೆಸರೂ ಇದೆ, ನೋಡೋಣ." ಅಂದಿನಿಂದ ವಾದಿರಾಜನ ಕಾಲು ನೆಲದ ಮೇಲಿರಲಿಲ್ಲ. ಚಾಂದ್ ಪಾಷಾರಿಗೂ ಅವನು ಮುಂಗಡವಾಗಿಯೇ ಹೇಳಿಬಿಟ್ಟಿದ್ದ, ಕುಲ್ಸುಂ ಶಿಬಿರಕ್ಕೆ ಹೋಗುವುದು ಗ್ಯಾರಂಟಿ ಅಂತ. ಅವರು ಆ ದಿನ ಅಂಗಡಿಯನ್ನು ತೆಗೆಯಲೇ ಇಲ್ಲ.

ಆದರೆ ಆಟವೇ ಬೇರೆ ದಾರಿ ಹಿಡಿಯಿತು. ಕುಲ್ಸುಂ ಎಸೆತದ ಸುದ್ದಿ ಎದುರಾಳಿಗಳಿಗೂ ಮುಟ್ಟಿತ್ತು. ಆರು ಇನ್ನಿಂಗ್ಸು ಮುಗಿದರೂ ಅವರಲ್ಲಿ ಒಬ್ಬಳೂ ಕದಿಯಲು ಹೊರಡಲಿಲ್ಲ. ಬಾಲು ಹಿಡಿಯುವುದು, ಪಿಚರಿಗೆ ವಾಪಸು ಕೊಡುವುದು, ಇಷ್ಟೇ ಅವಳ ಆಟ. ಯಜ್ಞನಾರಾಯಣ ಎರಡು ಸಲ ಗಡಿಯಾರ ನೋಡಿಕೊಂಡರು. ತನ್ನ ಹುಡುಗಿಯ ಭಯಕ್ಕೇ ಎದುರಾಳಿಗಳು ಓಡುತ್ತಿಲ್ಲ ಅಂತ ಹೆಮ್ಮೆಪಡಬೇಕಾದ ವಾದಿರಾಜ ಒಳಗೊಳಗೇ ಕುದಿಯುತ್ತಿದ್ದ. ಯಾರಾದರೂ ಓಡಿ, ಒಂದೇ ಒಂದು ಸಲ ಓಡಿ ಅಂತ ಮನಸ್ಸಿನಲ್ಲೇ ಎದುರಾಳಿಗಳನ್ನು ಬೇಡುತ್ತಿದ್ದ.

ಕೊನೆಯ ಇನ್ನಿಂಗ್ಸು. ವಾದಿರಾಜನ ಟೀಮು ನಾಲ್ಕು, ಅವರು ಮೂರು. ಅವರಲ್ಲಿ ಇಬ್ಬರು ಔಟಾಗಿದ್ದರು, ಇನ್ನೊಬ್ಬಳು ಔಟಾದರೆ ಆಟ ಮುಗಿಯಿತು. ಮೂರನೇ ಬೇಸಿನಲ್ಲೊಬ್ಬಳು, ಮೊದಲನೇ ಬೇಸಿನಲ್ಲೊಬ್ಬಳು. ಎರಡು ತಿಂಗಳು ಕಲಿಸಿದ ಪಾಠವೇ ಕಣ್ಣ ಮುಂದೆ ಬಂದು ನಿಂತಿತ್ತು. ಮೊದಲನೇ ಬೇಸಿನವಳು ಕಾಲು ತಿಕ್ಕುತ್ತ ನಿಂತ ರೀತಿಗೇ ಗೊತ್ತಾಗುತ್ತಿತ್ತು, ಅವಳು ಆಸೆ ತೋರಿಸಲು ಓಡುವವಳು. ವಾದಿರಾಜನಿಗೂ ಗೊತ್ತಾಯಿತು. ಗೊತ್ತಾಗಲಿಲ್ಲ ಅಂತ ಅವನು ಯಾವತ್ತೂ ತನಗೆ ತಾನೇ ಸುಳ್ಳು ಹೇಳಿಕೊಂಡಿಲ್ಲ, ಅಷ್ಟರ ಮಟ್ಟಿಗೆ ಪ್ರಾಮಾಣಿಕ. ಆದರೆ ಅದೇ ಹೊತ್ತಿಗೆ ಅವನು ಪಕ್ಕಕ್ಕೆ ನೋಡಿದ. ಯಜ್ಞನಾರಾಯಣ ಪೆನ್ನಿಗೆ ಕ್ಯಾಪು ಹಾಕುತ್ತಿದ್ದರು.

ಅವನ ಕೈ ಟೋಪಿಗೆ ಹೋಯಿತು.

ಕುಲ್ಸುಂ ನೋಡಿದಳು. ಮುಖಕ್ಕೆ ಕಟ್ಟಿದ ಜಾಲರಿಯ ಹಿಂದೆ ಅವಳ ಕಣ್ಣು ಕಾಣುತ್ತಿರಲಿಲ್ಲ, ಆದರೆ ಅವಳು ಪಿಚರಿನತ್ತ ತಿರುಗಿದವಳು ಮತ್ತೆ ಅವನತ್ತ ತಿರುಗಿ ಇನ್ನೊಮ್ಮೆ ನೋಡಿದಳು. ಆಗಲೂ ಅವನು ಕೈ ಇಳಿಸಬಹುದಿತ್ತು, ಅಷ್ಟು ಸಮಯ ಧಾರಾಳವಾಗಿತ್ತು. ಇಳಿಸಲಿಲ್ಲ.

ಪಿಚರ್ ಬಾಲು ಬಿಟ್ಟಳು, ಮೊದಲನೇ ಬೇಸಿನವಳು ಓಡಿದಳು. ಕುಲ್ಸುಂ ಎಸೆದಳು. ಅಂಥ ಎಸೆತವನ್ನು ವಾದಿರಾಜ ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬಾಲು ನೆಟ್ಟಗೆ ಹೋಗಿ ಎರಡನೇ ಬೇಸಿನ ಮೇಲೆ ತನ್ಮಯಿಯ ಗ್ಲೌಸಿನಲ್ಲಿ ಕೂತಿತು. ಆಟ ಗೊತ್ತಿಲ್ಲದ ಚಾಂದ್ ಪಾಷಾ ಒಬ್ಬರೇ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಓಡುತ್ತಿದ್ದವಳು ಅರ್ಧ ದಾರಿಯಲ್ಲಿ ಗಕ್ಕನೆ ನಿಂತುಬಿಟ್ಟಳು. ತನ್ಮಯಿ ಅವಳನ್ನು ಮುಟ್ಟಲು ಎರಡು ಹೆಜ್ಜೆ ಓಡಿದಳು, ಅಷ್ಟು ಸಾಕಾಯಿತು, ಮೂರನೇ ಬೇಸಿನವಳು ಹೋಮಿಗೆ ಹೊರಟುಬಿಟ್ಟಿದ್ದಳು. ತನ್ಮಯಿ ಗಾಬರಿಯಲ್ಲಿ ಹೋಮಿಗೆ ಎಸೆದ ಬಾಲು ನೆಲಕ್ಕೆ ಬಡಿದು, ಕುಲ್ಸುಂ ಭುಜದ ಪಕ್ಕದಿಂದ ಹಾರಿ ಬೇಲಿಯವರೆಗೆ ಉರುಳಿತು. ನಾಲ್ಕು ನಾಲ್ಕು. ಕುಲ್ಸುಂ ಬೇಲಿಗೆ ಓಡಿ ಬಾಲು ತರುವುದರೊಳಗೆ ಅರ್ಧ ದಾರಿಯಲ್ಲಿ ನಿಂತಿದ್ದವಳೂ ಸುತ್ತಿಕೊಂಡು ಹೋಮಿಗೆ ಬಂದಳು. ಐದು ನಾಲ್ಕು, ಆಟ ಮುಗಿಯಿತು.

ಯಜ್ಞನಾರಾಯಣ ಎದ್ದು ಬಂದರು. "ಏನ್ರೀ ಇದು? ಮೂರನೇ ಬೇಸಲ್ಲಿ ಒಬ್ಬಳಿರುವಾಗ ಯಾರಾದ್ರೂ ಎರಡನೇ ಬೇಸಿಗೆ ಎಸೀತಾರಾ? ಯಾರ್ರೀ ಹೇಳಿದ್ದು? ನೀವಾ?"

"ನಾನೇ ಸರ್" ಅನ್ನಲು ಎರಡೇ ಪದ ಬೇಕಿತ್ತು. ವಾದಿರಾಜ ಮೈದಾನದ ಕಡೆ ತಿರುಗಿ, ಇಷ್ಟು ವರ್ಷದ ಅಭ್ಯಾಸದಂತೆ, ಗಟ್ಟಿಯಾಗಿ ಕೂಗಿದ.

"ಯಾರ ಸ್ಟಾಂಪು?"

ತನ್ಮಯಿಯ ಕೈ ಸೊಂಟದವರೆಗೆ ಬಂದು ಅಲ್ಲೇ ನಿಂತಿತು. ಕುಲ್ಸುಂ ಮುಖದ ಜಾಲರಿ ತೆಗೆದು ಅವನನ್ನು ನೋಡಿದಳು. ಆ ಸನ್ನೆ ಕೊಟ್ಟಾಗಿನಿಂದ ಅವಳು ಅವನನ್ನು ನೋಡಿದ್ದು ಅದು ಮೂರನೇ ಸಲ, ಈ ಸಲ ಬಹಳ ಹೊತ್ತು ನೋಡಿದಳು. ವಾದಿರಾಜನೂ ಅವಳನ್ನೇ ನೋಡುತ್ತಿದ್ದ. ಆಮೇಲೆ ಅವಳು ನಿಧಾನವಾಗಿ ಬಲಗೈ ಎತ್ತಿದಳು. ಅವನು ತಲೆಯಾಡಿಸಿದ.

"ನೋಡಿದ್ರಲ್ಲ ಸರ್," ಅಂದ ಯಜ್ಞನಾರಾಯಣರಿಗೆ.

ಅವರು ಪೆನ್ನಿನ ಕ್ಯಾಪು ತೆಗೆದು ಪ್ಯಾಡಿನ ಮೇಲೆ ಒಂದು ಗೆರೆ ಎಳೆದರು. ಹುಡುಗಿಯರು ಸಾಮಾನು ಜೋಡಿಸುವಾಗ ತನ್ಮಯಿ ಕೇಳುತ್ತಿದ್ದದ್ದು ಅವನ ಕಿವಿಗೆ ಬಿತ್ತು. "ಸರ್ ಬೆಲ್ಟ್ ಮುಟ್ಟಿರ್ತಾರೆ ಕಣೇ. ನೀನು ಟೋಪಿ ಅಂತ ನೋಡಿದ್ಯಾ?" ಕುಲ್ಸುಂ ಬಗ್ಗಿ ಬೂಟಿನ ಲೇಸು ಬಿಚ್ಚುತ್ತಿದ್ದಳು. ವಾದಿರಾಜ ಬ್ಯಾಟುಗಳನ್ನು ಚೀಲಕ್ಕೆ ತುಂಬುತ್ತಿದ್ದ. ನಾಲ್ಕೇ ಬ್ಯಾಟು, ಅವನ್ನು ತುಂಬಲು ಅವನಿಗೆ ಬಹಳ ಹೊತ್ತು ಹಿಡಿಯಿತು.

ಇಷ್ಟಕ್ಕೇ ನಿಂತಿದ್ದರೆ ಆ ಗಳಿಗೆಯ ಹೇಡಿತನ ಅಂತ ಬಿಡಬಹುದಿತ್ತು. ಎಂಥವರಿಗೂ ಒಂದು ಗಳಿಗೆ ಬಾಯಿ ಕಟ್ಟುತ್ತದೆ. ಆದರೆ ಅದಾದ ಎಂಟನೇ ದಿನ, ಭಾನುವಾರ ಬೆಳಿಗ್ಗೆ, ಚಾಂದ್ ಪಾಷಾ ಕಾಲೋನಿಗೆ ಬಂದರು. ಒಬ್ಬರೇ ಬಂದಿದ್ದರು. ಒಳಗೆ ಬನ್ನಿ ಅಂದರೂ ಬರದೆ ಗೇಟಿನ ಹತ್ತಿರ ಸ್ಕೂಟರಿಗೆ ಒರಗಿ ನಿಂತರು. ಹಿಂದಿನ ದಿನವಷ್ಟೇ ಯಜ್ಞನಾರಾಯಣರ ಫೋನು ಬಂದಿತ್ತು, ಅಸಿಸ್ಟೆಂಟ್ ಕೋಚ್ ಕೆಲಸ ವಾದಿರಾಜನಿಗೇ ಅಂತ.

"ಮೇಷ್ಟ್ರೇ, ಮಗು ಊಟ ಸರಿಯಾಗಿ ಮಾಡ್ತಿಲ್ಲ," ಅಂದರು ಚಾಂದ್ ಪಾಷಾ. "ಸೋತಿದ್ದು ತನ್ನಿಂದ್ಲೇ ಅಂತಾಳೆ. ನನಗೆ ಸನ್ನೆ ಓದೋಕೇ ಬರಲ್ಲ ಅಬ್ಬಾ ಅಂತಾಳೆ. ಸೋಲು ಗೆಲುವು ನಾನು ಕೇಳ್ತಿಲ್ಲ, ಕ್ಯಾಂಪೂ ಬೇಡ. ಅವಳು ಹೇಳೋದು ನಿಜಾನಾ? ತಪ್ಪು ಅವಳದ್ದೇನಾ? ಅವಳದ್ದಲ್ಲ ಅಂತ ನೀವೊಂದ್ ಮಾತು ಹೇಳಿ, ನಾಳೇನೇ ಕರ್ಕೊಂಡ್ ಬರ್ತೀನಿ."

ಒಳಗೆ ಸೀತಾಲಕ್ಷ್ಮಿ ಕಾಫಿ ಸೋಸುತ್ತಿದ್ದಳು. ರಸ್ತೆಯಲ್ಲಿ ಯಾರೂ ಇರಲಿಲ್ಲ, ಯಾವ ವಿಮಾನವೂ ಏರುತ್ತಿರಲಿಲ್ಲ. ಇಷ್ಟು ಸುಲಭವಾಗಿ ನಿಜ ಹೇಳುವ ಅವಕಾಶ ಮನುಷ್ಯನಿಗೆ ಎಷ್ಟು ಸಲ ಸಿಗುತ್ತದೆ?

"ಆಟದಲ್ಲಿ ಇವೆಲ್ಲ ಆಗುತ್ತೆ ಸಾಹೇಬ್ರೇ," ಅಂದ ವಾದಿರಾಜ. ಚಾಂದ್ ಪಾಷಾ ಇನ್ನೂ ಕಾಯುತ್ತಿದ್ದರು. ಏನಾದರೂ ಹೇಳಲೇಬೇಕಾಗಿ ಬಂದು, "ಕ್ಯಾಚರ್ ಜಾಗ ಸ್ವಲ್ಪ ಕಷ್ಟ. ಎಲ್ಲರಿಗೂ ಆಗಲ್ಲ," ಅಂದ.

"ಸರಿ ಮೇಷ್ಟ್ರೇ." ಕಾಫಿ ಬರುವ ಮೊದಲೇ ಸ್ಕೂಟರು ಹೊರಟುಹೋಯಿತು.

ವಾದಿರಾಜ ಒಂದು ತಿಂಗಳು ನಾಲ್ಕೂವರೆಗೆ ಮೈದಾನದ ಗೇಟಿನತ್ತ ನೋಡಿದ. ಆಮೇಲೆ ಇನ್ನೊಬ್ಬಳನ್ನು ಕ್ಯಾಚರ್ ಜಾಗಕ್ಕೆ ಕೂರಿಸಿದ. ರಾಜ್ಯದ ಟೀಮಿನೊಂದಿಗೆ ಎರಡು ಸಲ ಉತ್ತರ ಭಾರತಕ್ಕೆ ಹೋಗಿಬಂದ, ಎರಡು ಸಲವೂ ಟೀಮು ಬೇಗನೆ ಸೋತು ವಾಪಸು ಬಂತು. ರಾಜ್ಯ ಟೀಮಿನ ಕೋಟು ತೊಟ್ಟು ತೆಗೆಸಿಕೊಂಡ ಫೋಟೋವನ್ನು ಸೀತಾಲಕ್ಷ್ಮಿ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು; ಅವನು ಅದರ ಕೆಳಗಿನ ಕುರ್ಚಿಯಲ್ಲಿ ಕೂರುವುದನ್ನೇ ಬಿಟ್ಟ. ಮೈದಾನದಲ್ಲಿ ಟೋಪಿಯ ಸನ್ನೆಯನ್ನು ತೆಗೆದುಹಾಕಿ, ಅದರ ಬದಲು ಮೊಣಕೈ ಮುಟ್ಟಲು ಶುರುಮಾಡಿದ. ಎರಡು ಸಾವಿರದ ಇಸವಿಯ ಹೊತ್ತಿಗೆ ಮಂಡಿನೋವಿನ ನೆಪ ಹೇಳಿ ಕಲಿಸುವುದನ್ನೂ ನಿಲ್ಲಿಸಿದ.

ಹೋಗಿ ಹೇಳಿಬಿಡಬೇಕು ಅಂತ ಅವನಿಗೆ ಅನ್ನಿಸದ ವರ್ಷವೇ ಇರಲಿಲ್ಲ. ಶಿವಾಜಿನಗರದಲ್ಲಿ ಬಸ್ಸು ಬದಲಾಯಿಸುವಾಗಲೆಲ್ಲ ಇವತ್ತು ಬೇಡ ಅನ್ನುತ್ತಿದ್ದ. ಮನೆಗೆ ಒಂದು ಜಿಪ್ಪು ಬೇಕಾದರೂ ಅಷ್ಟು ದೂರದ ಚಿಕ್ಕಪೇಟೆಗೆ ಹೋಗುತ್ತಿದ್ದ. ಹೆಂಡತಿಗೆ ಇದು ಅರ್ಥವಾಗುತ್ತಿರಲಿಲ್ಲ. ಅವಳು ಕೇಳಿದಾಗ ಅಲ್ಲಿ ರೇಟು ಕಡಿಮೆ ಅನ್ನುತ್ತಿದ್ದ.

ಎರಡು ಸಾವಿರದ ಎಂಟರಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು. ಕಾಲೋನಿಯ ಮೇಲೆ ಸದ್ದು ಕಡಿಮೆಯಾಯಿತು. ಆ ಜುಲೈನಲ್ಲಿ ಒಂದು ಸಂಜೆ ಮೈದಾನದ ಕಡೆಯಿಂದ "ಯಾರ ಸ್ಟಾಂಪು?" ಅಂತ ಹೆಣ್ಣುಧ್ವನಿ ಕೇಳಿ ವಾದಿರಾಜ ಎದ್ದು ಹೋದ. ತನ್ಮಯಿ. ಈಗ ಕೆ.ಆರ್. ಪುರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್, ತನ್ನ ಹುಡುಗಿಯರನ್ನು ಅಭ್ಯಾಸಕ್ಕೆ ಕರೆತಂದಿದ್ದಳು. ಮೊದಲನೇ ಬೇಸು, ಮೂರನೇ ಬೇಸು, ಅದೇ ಪಾಠ. ಪುಟ್ಟ ಕ್ಯಾಚರೊಬ್ಬಳು ಎರಡನೇ ಬೇಸಿಗೆ ಎಸೆದು ರನ್ನು ಕೊಟ್ಟಿದ್ದಳು. ಅವಳು ಕೈ ಎತ್ತುವುದರಲ್ಲಿದ್ದಳು. ಅಷ್ಟರಲ್ಲಿ ತನ್ಮಯಿಯೇ ಕೈ ಎತ್ತಿ, "ಇದು ನಂದು. ನಾನೇ ತಪ್ಪು ಸನ್ನೆ ಕೊಟ್ಟೆ. ಮತ್ತೆ ಮಾಡೋಣ ಬನ್ನಿ," ಅಂದಳು. ಹುಡುಗಿಯರಿಗೆ ಅದು ಹೊಸದಲ್ಲವೇನೋ, ಸುಮ್ಮನೆ ಜಾಗಕ್ಕೆ ಹೋದರು.

"ನಿಮ್ಮಿಂದ್ಲೇ ಕಲ್ತಿದ್ದು ಸರ್," ಅಂದಳು ತನ್ಮಯಿ, ಅವನನ್ನು ಕಂಡು ಖುಷಿಯಾಗಿ.

"ನಾನು ಕೈ ಎತ್ತಿದ್ದನ್ನ ನೀನು ಯಾವತ್ತಾದ್ರೂ ನೋಡಿದ್ಯೇನಮ್ಮ?"

ಅವಳು ಯೋಚಿಸಿದಳು. "ಇಲ್ಲ ಸರ್. ನೀವು ತಪ್ಪೇ ಮಾಡ್ತಿರ್ಲಿಲ್ವಲ್ಲ."

ಅವಳು ನಿಜವಾಗಿಯೇ ಹಾಗೆ ನಂಬಿದ್ದಳು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಾರನೆಯ ದಿನ ರಜೆ ಹಾಕಿ ಶಿವಾಜಿನಗರಕ್ಕೆ ಹೋದ.

ಅಂಗಡಿ ಅದೇ ಗಲ್ಲಿಯಲ್ಲಿತ್ತು. ಚಾಂದ್ ಪಾಷಾ ದಪ್ಪ ಕನ್ನಡಕ ಹಾಕಿಕೊಂಡು ಮೂಲೆಯ ಸ್ಟೂಲಿನಲ್ಲಿ ಬಟನ್ನುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಿದ್ದರು. ಕೌಂಟರಿನ ಹಿಂದೆ ಕುಲ್ಸುಂ ಇದ್ದಳು. ಮದುವೆಯಾಗಿ ಫ್ರೇಜರ್ ಟೌನಿನಲ್ಲಿದ್ದಾಳೆ, ಅಬ್ಬಾನ ಕಣ್ಣು ಮಂಜಾದ ಮೇಲೆ ಹಗಲು ಹೊತ್ತು ಇಲ್ಲಿ ಬಂದು ಕೂರುತ್ತಾಳೆ. ಇದು ಆಮೇಲೆ ತಿಳಿಯಿತು. ಅವನು ಹೋದಾಗ ಒಬ್ಬ ಟೈಲರಿಗೆ ಲೇಸು ಅಳೆಯುತ್ತಿದ್ದಳು. ಮೂರು ಮೀಟರು ಅಳೆದವಳು ಕತ್ತರಿ ಹಾಕುವ ಮೊದಲು ಮತ್ತೆ ಮೊದಲಿಂದ ಅಳೆದಳು. ಟೈಲರು ಉಸ್ಸೆಂದು, ಲೇಸು ತೆಗೆದುಕೊಂಡು ಹೋದ.

ಅವಳು ತಕ್ಷಣ ಗುರುತು ಹಿಡಿದಳು. "ಸರ್!" ಅಂತ ಎದ್ದು, ಸ್ಟೂಲು ಒರೆಸಿ ಹಾಕಿ, ಪಕ್ಕದ ಹೋಟೆಲಿನಿಂದ ಚಹ ತರಿಸಿದಳು. ಕೂತರೆ ಮಾತು ಬೇರೆ ಕಡೆ ಹೋಗುತ್ತದೆ ಅಂತ ವಾದಿರಾಜ ಕೂರ‍ಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿತ್ತು.

"ಹಲಸೂರಿನ ಫೈನಲ್ ನೆನಪಿದ್ಯೇನಮ್ಮ? ಅವತ್ತು ನಾನು ಟೋಪಿ ಮುಟ್ಟಿದ್ದೆ. ಬೆಲ್ಟ್ ಅಲ್ಲ."

ಕುಲ್ಸುಂ ಕೈಯಲ್ಲಿದ್ದ ಲೇಸಿನ ಸುರುಳಿಯನ್ನು ಕೆಳಗಿಟ್ಟಳು. "ಎರಡು ಸಲ ನೋಡಿದ್ದೆ ನಾನು."

"ಎರಡು ಸಲಾನೂ ಟೋಪಿ ಮೇಲೇ ಇತ್ತು. ಯಜ್ಞನಾರಾಯಣ್ರು ನಿನ್ನ ಎಸೆತ ನೋಡ್ಲಿ ಅಂತ ಆಸೆಪಟ್ಟೆ. ಎಸೆದದ್ದು ನಿನ್ನ ತಪ್ಪಲ್ಲ. ಆ ಸ್ಟಾಂಪು ನಂದು."

ಅವಳು ಕತ್ತರಿಯನ್ನು ಎತ್ತಿ ಡಬ್ಬಿಯಲ್ಲಿಟ್ಟಳು. ಸಿಟ್ಟು ಬರುತ್ತದೆ ಅಂತ ವಾದಿರಾಜ ಅಂದುಕೊಂಡಿದ್ದ, ಸಿಟ್ಟು ಬಂದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಟೋಪಿ ಅಂತ್ಲೇ ನೋಡಿದ್ದೆ ಸರ್," ಅಂದಳು. "ನೀವು ಕೂಗಿದಾಗ ನಿಮ್ಮ ಮುಖ ನೋಡ್ದೆ. ನೀವು ಸುಮ್ನೆ ನನ್ನನ್ನೇ ನೋಡ್ತಿದ್ರಿ. ಸರ್ ಸುಳ್ಳು ಹೇಳಲ್ಲ, ಹಂಗಾದ್ರೆ ನನ್ ಕಣ್ಣೇ ತಪ್ಪು ನೋಡಿರ್ಬೇಕು ಅಂದ್ಕೊಂಡೆ. ಆಮೇಲಿಂದ ಹಂಗೇ ಆಗೋಯ್ತು. ಎಲ್ಲಾನೂ ಎರಡು ಸಲ ನೋಡ್ತೀನಿ, ಆದ್ರೂ ನಂಬ್ಕೆ ಬರಲ್ಲ. ಮನೇಲಿ ಎಲ್ಲ ನಗ್ತಾರೆ."

ಮೂಲೆಯಲ್ಲಿ ಬಟನ್ನುಗಳ ಸದ್ದು ನಿಂತಿತ್ತು. ಚಾಂದ್ ಪಾಷಾ ಕನ್ನಡಕ ತೆಗೆದು ವಾದಿರಾಜನಿದ್ದ ಕಡೆ ತಿರುಗಿದರು.

"ನಿಮ್ ಗೇಟ್ ಹತ್ರ ನಿಂತು ನಾನು ಕೇಳಿದ್ನಲ್ಲ ಮೇಷ್ಟ್ರೇ," ಅಂದರು. ಧ್ವನಿಯಲ್ಲಿ ಜಗಳವಿರಲಿಲ್ಲ.

"ಕೇಳಿದ್ರಿ."

"ನಾನು ಕಣ್ಣಾರೆ ನೋಡಿದ ಅವಳ ಎಸೆತ ಬಿಟ್ಟು ನಿಮ್ಮ ಮಾತು ಕೇಳ್ದೆ."

ವಾದಿರಾಜ ಬಂದ ಕೆಲಸ ಮುಗಿದಿತ್ತು. ಆದರೂ ಅವನು ಅಲ್ಲೇ ನಿಂತಿದ್ದ. ಯಾಕೆ ನಿಂತಿದ್ದೇನೆ ಅಂತ ಅವನಿಗೇ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಈ ಊರಿನಲ್ಲಿ ಯಾರ ಹತ್ತಿರ ಏನೇ ತಪ್ಪು ಒಪ್ಪಿಕೊಂಡರೂ "ಹೋಗ್ಲಿ ಬಿಡಿ" ಅನ್ನುತ್ತಾರೆ. ಕಾಲು ತುಳಿದರೂ ಅನ್ನುತ್ತಾರೆ, ಮನೆ ಮುರಿದರೂ ಅನ್ನುತ್ತಾರೆ. ಅವನು ಅದಕ್ಕಾಗಿ ಕಾಯುತ್ತಿದ್ದ. ಅಪ್ಪ ಅನ್ನಲಿಲ್ಲ, ಮಗಳೂ ಅನ್ನಲಿಲ್ಲ. ಹೆಂಗಸೊಬ್ಬಳು ಬಂದು ಕಪ್ಪು ಜಿಪ್ಪು ಕೇಳಿದಳು, ಕುಲ್ಸುಂ ತೆಗೆದುಕೊಡಲು ತಿರುಗಿದಳು. ವಾದಿರಾಜ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಚಪ್ಪಲಿ ಹಾಕಿಕೊಂಡು, ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ಕಡೆ ನಡೆದ.